ಕುರ್ಚಿ ಕ್ಯಾಪ್ಟನ್

ಹಗಲು ಹೊತ್ತು ಅವರದು ಸಾಫ್ಟ್‌ವೇರ್ ಕಂಪನಿ, ರಾತ್ರಿ ಹತ್ತರ ಮೇಲೆ ರಾಯಲ್ ಏರ್ ಫೋರ್ಸ್. ವಯಸ್ಸು ನಲವತ್ತರ ಆಚೀಚೆ, ಸೊಂಟನೋವು ಉಂಟು, ಮೂಗಿನ ಮೇಲೆ ದಪ್ಪ ಕನ್ನಡಕ. ನಿಜವಾದ ವಾಯುಪಡೆಯಾದರೆ ಇವರನ್ನು ಗೇಟಿನಲ್ಲೇ ವಿಚಾರಿಸಿ ವಾಪಸು ಕಳಿಸೀತು. ಮಹಡಿ ಕೋಣೆಯ ಕಂಪ್ಯೂಟರಿಗೆ ಅಂಥ ಕಟ್ಟುಪಾಡಿಲ್ಲ. ಹೆಂಡತಿ ಮಕ್ಕಳು ಮಲಗಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅವರು 1944ರ ನಾರ್ಮಂಡಿಯ ಆಕಾಶಕ್ಕೆ ಏರುತ್ತಾರೆ. ಏರುವುದರಲ್ಲಿ ತೊಂದರೆಯೇನೂ ಇಲ್ಲ.

ಇಂಥವರ ಚಟಕ್ಕೆ ಸಾಮಾನ್ಯವಾಗಿ 2001ರಲ್ಲಿ ಬಂದ 'ಐಎಲ್-2 ಸ್ಟುರ್ಮೊವಿಕ್' ಆಟದಿಂದ ಶ್ರೀಕಾರ. ಆಮೇಲೆ 'ಡಿಸಿಎಸ್' ಕೈಗೆ ಸಿಕ್ಕಿತೆಂದರೆ ಮುಗಿಯಿತು. ಅಲ್ಲಿ ಇಂಜಿನ್ ಶುರು ಮಾಡಲಿಕ್ಕೇ ಸತ್ಯನಾರಾಯಣ ಪೂಜೆಯಷ್ಟು ವಿಧಿಗಳು. ಹೊಸಬರು ಶತ್ರು ವಿಮಾನಗಳನ್ನು ಉರುಳಿಸಿದ ಲೆಕ್ಕ ಹೇಳಿಕೊಳ್ಳುತ್ತಾರೆ. ನಮ್ಮ ಕ್ಯಾಪ್ಟನ್ ಆ ಹಂತ ದಾಟಿದವರು. ಅವರಿಗೆ ಈಗ ಉಳಿದಿರುವ ಶತ್ರು ಒಂದೇ, ನೆಲ.

ನೆಲದ್ದೂ ಪೂರ್ತಿ ತಪ್ಪಿಲ್ಲ. ಆ ಕಾಲದ ಬಹುಪಾಲು ಯುದ್ಧವಿಮಾನಗಳಿಗೆ ಮೂಗಿನಡಿ ಚಕ್ರವಿರಲಿಲ್ಲ. ಮುಂದೆ ಎರಡು ದೊಡ್ಡ ಚಕ್ರ, ಬಾಲದಲ್ಲೊಂದು ಪುಟಾಣಿ ಚಕ್ರ. ತೂಕದ ಕೇಂದ್ರ ದೊಡ್ಡ ಚಕ್ರಗಳಿಗಿಂತ ಹಿಂದೆ ಇರುವುದರಿಂದ, ರನ್‌ವೇ ಮೇಲೆ ಓಡುವಾಗ ಮೂಗು ಚೂರು ಅತ್ತಿತ್ತ ಸರಿದರೂ ಹಿಂದಿನ ಭಾರ ಅದನ್ನು ಇನ್ನಷ್ಟು ತಿರುಗಿಸುತ್ತದೆ. ಆಟೋರಿಕ್ಷಾವನ್ನು ನೂರು ಕಿಲೋಮೀಟರ್ ವೇಗದಲ್ಲಿ ರಿವರ್ಸ್ ಓಡಿಸಿದರೆ ಏನಾದೀತೋ ಅದೇ ಇಲ್ಲೂ ಆಗುತ್ತದೆ. ಪೆಡಲು ಒತ್ತಿ ಆ ಕ್ಷಣಕ್ಕೇ ತಿದ್ದದಿದ್ದರೆ ವಿಮಾನ ಗಿರ್ರನೆ ಸುತ್ತಿ, ರೆಕ್ಕೆಯ ತುದಿಯನ್ನು ನೆಲಕ್ಕುಜ್ಜಿ, ಬಂದ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಕ್ಯಾಪ್ಟನ್ "ಸ್ವಲ್ಪ ಅಡ್ಡಗಾಳಿ ಇತ್ತು" ಎನ್ನುತ್ತಾರೆ.

ಪ್ರತಿ ವಿಮಾನಕ್ಕೂ ಅವರ ಬಳಿ ಬೇರೆ ಬೇರೆ ಕಾರಣವುಂಟು. ಸ್ಪಿಟ್‌ಫೈರ್ ಆದರೆ ಮೂಗಿನ ಮೇಲೆ ದೂರು. ಮರ್ಲಿನ್ ಇಂಜಿನ್ ಹೊತ್ತ ಆ ಉದ್ದ ಮೂಗು ರನ್‌ವೇಯನ್ನೇ ಮರೆಮಾಡುತ್ತದೆ. ಹಾಗಾಗಿ ನೇರವಾಗಿ ಬರುವಂತಿಲ್ಲ. ಬಿಲ್ಲಿನಂತೆ ಬಾಗಿ ಬರುತ್ತಾ, ಪಕ್ಕದಿಂದ ಇಣುಕಿ, ಕೊನೆಯ ಗಳಿಗೆಯಲ್ಲಿ ನೆಟ್ಟಗಾಗಬೇಕು. ಇದಕ್ಕೆಂದು ಅವರು ಟೋಪಿಗೆ ಸಿಕ್ಕಿಸುವ ಒಂದು ಸಾಧನ ತರಿಸಿದ್ದಾರೆ. ತಲೆ ಎತ್ತ ತಿರುಗಿತೋ ಪರದೆಯ ನೋಟವೂ ಅತ್ತ ತಿರುಗುತ್ತದೆ. ನಡುರಾತ್ರಿ ನೀರು ಕುಡಿಯಲು ಎದ್ದ ಅತ್ತೆಗೆ ಕಂಡದ್ದು ಇಷ್ಟು: ಮನೆಯೊಳಗೆ ಟೋಪಿ ಹಾಕಿಕೊಂಡ ಅಳಿಯ, ಕತ್ತು ಎಡಕ್ಕೆ ಸೊಟ್ಟ ಮಾಡಿ, ಗೋಡೆಯತ್ತ ಉಸಿರು ಬಿಗಿಹಿಡಿದು ನೋಡುತ್ತಿದ್ದಾನೆ. ಬೆಳಿಗ್ಗೆ ಕಾಫಿಯ ಜೊತೆಗೆ ನೋವಿನೆಣ್ಣೆಯ ಬಾಟಲಿಯೂ ಬಂತು.

ಜರ್ಮನ್ನರ ಮೆಸ್ಸರ್‌ಶ್ಮಿಟ್ 109 ಆದರೆ ದೂರು ಕಾಲುಗಳ ಮೇಲೆ. ಅದರ ಚಕ್ರದ ಕಾಲುಗಳನ್ನು ರೆಕ್ಕೆಗೆ ಕಟ್ಟದೆ ಒಡಲಿಗೇ ಕಟ್ಟಿದ್ದರು; ರೆಕ್ಕೆ ಬಿಚ್ಚಿದರೂ ವಿಮಾನ ತನ್ನ ಕಾಲ ಮೇಲೆ ನಿಂತಿರಲಿ, ದುರಸ್ತಿಗೂ ಸಾಗಣೆಗೂ ಸಲೀಸಾಗಲಿ ಎಂಬ ಲೆಕ್ಕಾಚಾರ. ಫಲವಾಗಿ ಚಕ್ರಗಳ ನಡುವಿನ ಅಂತರ ಸುಮಾರು ಎರಡೇ ಮೀಟರ್. "ಇಷ್ಟು ಇಕ್ಕಟ್ಟಾದರೆ ದೇವರಿಗೂ ಇಳಿಸೋಕಾಗಲ್ಲ" ಎಂದು ಕ್ಯಾಪ್ಟನ್ ವಿಲ್ಲಿ ಮೆಸ್ಸರ್‌ಶ್ಮಿಟ್‌ನನ್ನು ಹೆಸರು ಹಿಡಿದು ಬೈಯುತ್ತಾರೆ. ಸ್ಪಿಟ್‌ಫೈರ್‌ನ ಅಂತರ ಅದಕ್ಕಿಂತಲೂ ಕಡಿಮೆ, 1.74 ಮೀಟರ್ ಎಂದು ಎಂಜಿನಿಯರಿಂಗ್ ಓದುವ ಸೋದರಳಿಯ ತೋರಿಸಿಕೊಟ್ಟಾಗ ಅವರು ಆ ಹುಡುಗನ ಸೆಮಿಸ್ಟರ್ ಫಲಿತಾಂಶ ವಿಚಾರಿಸಿದರು.

ಆಮೇಲೆ ಅಮೆರಿಕದ ಮಸ್ಟಾಂಗ್ ಕೊಂಡರು. ಅದರ ಚಕ್ರಗಳ ಅಂತರ ಮೂರೂವರೆ ಮೀಟರ್‌ಗೂ ಹೆಚ್ಚು. ಸ್ಟಿಕ್ಕನ್ನು ಹೊಟ್ಟೆಯ ಕಡೆಗೆ ಎಳೆದು ಹಿಡಿದರೆ ಬಾಲದ ಚಕ್ರವೂ ಬೇಕಾಬಿಟ್ಟಿ ತಿರುಗದೆ ಹದ್ದುಬಸ್ತಿನಲ್ಲಿರುತ್ತದೆ. ಇಷ್ಟೆಲ್ಲ ಅನುಕೂಲವಿದ್ದೂ ವಿಮಾನ ಹುಲ್ಲಿಗೆ ನುಗ್ಗಿತು. ಬೈಯಲಿಕ್ಕೆ ವಿನ್ಯಾಸಕಾರ ಸಿಗದೆ ಅವರು ಸಲಕರಣೆಯನ್ನು ಬೈದು, ಕಬ್ಬಿಣದ ರಡ್ಡರ್ ಪೆಡಲು ತರಿಸಿದರು. ಇದರಿಂದ ಹೊಸ ಸಮಸ್ಯೆ ಹುಟ್ಟಿತು. ಬಲಗಾಲಿನಲ್ಲಿ ಒತ್ತಿದರೆ ವಿಮಾನ ಬಲಕ್ಕೆ ತಿರುಗುವ ಮೊದಲೇ ಚಕ್ರದ ಕುರ್ಚಿ ಹಿಂದಕ್ಕೆ ಜಾರುತ್ತದೆ. ವಿಮಾನ ಫ್ರಾನ್ಸಿನಲ್ಲಿ, ಪೈಲಟ್ ಬಟ್ಟೆಯ ಬೀರುವಿನ ಬಳಿ. ಈಗ ಕುರ್ಚಿಯ ಕಾಲನ್ನು ಮೇಜಿನ ಕಾಲಿಗೆ ಬಿಗಿಯಲಾಗಿದೆ. ಅದಕ್ಕೆ ಬಳಸಿದ ಹಗ್ಗ ಬಾಲ್ಕನಿಯದು. ಬಟ್ಟೆ ಒಣಗಿಸುವ ಪ್ರಶ್ನೆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ನಿಖರತೆಯ ವಿಷಯದಲ್ಲಿ ಮಾತ್ರ ಅವರು ರಾಜಿಯಾಗುವವರಲ್ಲ. ಸೋವಿಯತ್ತಿನ ಐ-16 ವಿಮಾನದ ಚಕ್ರಗಳನ್ನು ಮೇಲೆತ್ತಲು ಪೈಲಟ್ ಹಿಡಿಕೆಯೊಂದನ್ನು 44 ಸುತ್ತು ತಿರುಗಿಸಬೇಕಿತ್ತು. ಆಟದಲ್ಲಿ ಅದಕ್ಕೊಂದು ಗುಂಡಿಯುಂಟು. ಕ್ಯಾಪ್ಟನ್ ಗುಂಡಿ ಒತ್ತಿಯೂ ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಲೇ ಇರುತ್ತಾರೆ, ಇತಿಹಾಸಕ್ಕೆ ಮೋಸವಾಗಬಾರದಲ್ಲ.

ಕೋರ್ಸೇರ್ ಬಗ್ಗೆ ಮಾತೆತ್ತಿದರೆ ಅವರ ಮುಖದಲ್ಲಿ ನೆಮ್ಮದಿ ಕಾಣುತ್ತದೆ. ನೆಲ ಮುಟ್ಟಿದರೆ ಪುಟಿಯುತ್ತಿದ್ದ, ನಿಧಾನವಾದರೆ ಎಡರೆಕ್ಕೆ ಕುಸಿಯುತ್ತಿದ್ದ ಆ ವಿಮಾನವನ್ನು ಹಡಗಿನ ಮೇಲೆ ಇಳಿಸಲು ಅಮೆರಿಕದ ನೌಕಾಪಡೆಯೇ ಮೊದಮೊದಲು ಹಿಂದೇಟು ಹಾಕಿತ್ತು. ಬಲರೆಕ್ಕೆಯ ಅಂಚಿಗೆ ಸಣ್ಣದೊಂದು ಪಟ್ಟಿ ಅಂಟಿಸಿ, ಚಕ್ರದ ಕಾಲುಗಳ ಬಿಗಿ ತಗ್ಗಿಸಿದ ಮೇಲೆ ಅದು ದಾರಿಗೆ ಬಂತು. "ಅವರಿಗೇ ಆಗಲಿಲ್ಲ, ನೋಡಿ" ಎನ್ನುತ್ತಾರೆ ಕ್ಯಾಪ್ಟನ್. ಬ್ರಿಟಿಷ್ ಪರೀಕ್ಷಾ ಪೈಲಟ್ ಎರಿಕ್ ಬ್ರೌನ್ 487 ಬಗೆಯ ವಿಮಾನ ಹಾರಿಸಿ, ಹಡಗುಗಳ ಮೇಲೆ 2,407 ಸಲ ಇಳಿದ ಸಂಗತಿಯೂ ಅವರಿಗೆ ಬಾಯಿಪಾಠ. ಆದರೆ ಅದನ್ನು ಆ ಹೊತ್ತಿಗೆ ಹೇಳುವುದಿಲ್ಲ.

ನೆಂಟರು ಇದನ್ನು ಮಕ್ಕಳಾಟ ಎಂದರೋ, ಉಪನ್ಯಾಸ ಗ್ಯಾರಂಟಿ. 1929ರಲ್ಲಿ ಎಡ್ವಿನ್ ಲಿಂಕ್ ಎಂಬಾತ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯ ತಿದಿಗಳಿಂದಲೇ ಅಣಕು ವಿಮಾನ ಕಟ್ಟಿದ. ಮಹಾಯುದ್ಧದ ಪೈಲಟ್‌ಗಳು ಅದರಲ್ಲೇ ಕೂತು ಕಲಿತರು. ಅಲ್ಲಿಂದ ಮಾತು ನೇರ ಬೆಂಗಳೂರಿಗೆ. ಫಾಕೆ ವುಲ್ಫ್ 190 ರೂಪಿಸಿದ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮ ಎಚ್ಎಎಲ್‌ಗೇ ಬಂದು ಮಾರುತ್ ಜೆಟ್ ವಿನ್ಯಾಸ ಮಾಡಿದ್ದು, ಅದು 1961ರ ಜೂನ್ 17ರಂದು ಇದೇ ಊರಿನ ಆಕಾಶಕ್ಕೆ ಹಾರಿದ್ದು, ಎಲ್ಲ ಬರುತ್ತದೆ. ಮಕ್ಕಳನ್ನು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರೆ ಅವರು ಹೊರಗೆ ನಿಂತ ಮಾರುತ್ ದಾಟಿ ಒಳಗೆ ಹೋಗುವುದೇ ಅಪರೂಪ. ಬಾಗಿಕೊಂಡು ಅದರ ಚಕ್ರಗಳ ಅಂತರವನ್ನು ಹೆಜ್ಜೆಯಲ್ಲಿ ಅಳೆಯುತ್ತಾರೆ.

ನಿಜವಾದ ವಿಮಾನದಲ್ಲಿ ಅವರ ಪಕ್ಕ ಕೂರುವುದು ಕಷ್ಟ. ಮೊನ್ನೆ ಹುಬ್ಬಳ್ಳಿಯ ಮದುವೆಗೆ ಹೊರಟಾಗ ಕಿಟಕಿ ಸೀಟು ಹಿಡಿದು, ಇಳಿಯುವ ಹೊತ್ತಿಗೆ ಎರಡೂ ಪಾದಗಳನ್ನು ಮುಂದಿನ ಸೀಟಿನಡಿಯ ಬ್ಯಾಗಿಗೆ ಒತ್ತಿ ಹಿಡಿದರು. ಚಕ್ರ ನೆಲ ಮುಟ್ಟಿದಾಗ ಹಿಂದಿನವರು ಫೋನು ಆನ್ ಮಾಡಿದರು, ಕ್ಯಾಪ್ಟನ್ ಅಂಕ ಹಾಕಿದರು: ಹತ್ತಕ್ಕೆ ಆರು. ಬಾಗಿಲ ಬಳಿ ಗಗನಸಖಿ ಕೈಜೋಡಿಸಿದಾಗ ಅವರು ನಿಂತೇಬಿಟ್ಟರು. "ಫ್ಲೇರ್ ಒಂದು ಚೂರು ತಡ ಆಯ್ತು, ಪೈಲಟ್‌ಗೆ ಹೇಳಿಬಿಡಿ. ಮೂಗಿನಲ್ಲಿ ಚಕ್ರ ಇದ್ದುದಕ್ಕೆ ಬಚಾವ್, ಬಾಲದಲ್ಲಿ ಇದ್ದಿದ್ರೆ..."

ಹಿಂದೆ ಸಾಲುಗಟ್ಟಿದ್ದವರಲ್ಲಿ ಒಬ್ಬ ಅಜ್ಜಿ ಬ್ಯಾಗನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಏ ತಮ್ಮಾ, ನೀ ಮೊದ್ಲ ಇಳಿ."