ಕೃಷ್ಣನಪ್ಪನಿಗೊಂದು ಲೈಕ್

ಗೋಕುಲಾಷ್ಟಮಿ ಹತ್ತಿರ ಬಂತೆಂದರೆ ಈ ಮನುಷ್ಯನಿಗೆ ಮಾತು ಬರುತ್ತದೆ. ವರ್ಷವಿಡೀ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನೀರಿನ ಟ್ಯಾಂಕರಿನ ವಿಷಯಕ್ಕೂ ಬಾಯಿ ಬಿಡದವನು ಬೆಳಗ್ಗೆ ಆರಕ್ಕೇ ಒಂದು ಲಿಂಕ್ ಹಾಕುತ್ತಾನೆ: ‘ನಮ್ಮ ಪಾಪು ಮುದ್ದುಕೃಷ್ಣ ಸ್ಪರ್ಧೆಯಲ್ಲಿದ್ದಾನೆ, ದಯವಿಟ್ಟು ಲೈಕ್ ಕೊಡಿ.’ ಕೆಳಗೆ ಷರತ್ತು: ಮೊದಲು ಪೇಜ್ ಫಾಲೋ ಮಾಡಬೇಕು, ಆಮೇಲೆ ಫೋಟೊಕ್ಕೆ ಲೈಕ್, ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ಮಧ್ಯಾಹ್ನ ‘ಜ್ಞಾಪಕಕ್ಕೆ’ ಎಂದು ಅದೇ ಲಿಂಕ್. ಸಂಜೆ ‘ಇನ್ನು ಬರೀ ನಲವತ್ತು ಸಾಕು’ ಎಂಬ ಆರ್ತನಾದ. ರಾತ್ರಿ ಹೊತ್ತಿಗೆ ಯಾರ್‍ಯಾರು ಕೊಟ್ಟಿಲ್ಲ ಎಂಬ ಪಟ್ಟಿ ಅವನ ಮನಸ್ಸಿನಲ್ಲಿ ಸಿದ್ಧ. ಮಾರನೆಯ ದಿನ ಲಿಫ್ಟಿನಲ್ಲಿ ಅದನ್ನು ಅವನ ಮುಖದ ಮೇಲೆ ಓದಿಕೊಳ್ಳಬಹುದು. ಅಸಲಿ ವಸುದೇವ ನಡುರಾತ್ರಿ ಯಮುನೆ ದಾಟಿದ್ದು ಒಂದು ನರಪಿಳ್ಳೆಗೂ ಗೊತ್ತಾಗದ ಹಾಗೆ. ಈತನ ತಲೆ ಮೇಲೆ ಆ ಬುಟ್ಟಿ ಇಟ್ಟಿದ್ದರೆ ಕಂಸನಿಗೂ ಲಿಂಕ್ ಹೋಗುತ್ತಿತ್ತು.

ನನ್ನ ವಾದ ಇಷ್ಟೇ: ಇಲ್ಲಿ ಸ್ಪರ್ಧಿ ಮಗುವಲ್ಲ, ಅಪ್ಪ. ಸಾಕ್ಷಿ ಫೋಟೊದಲ್ಲೇ ಇದೆ. ಕಿರೀಟ ಹುಬ್ಬಿನವರೆಗೆ ಜಾರಿದೆ, ಬಾಡಿಗೆ ಪೀತಾಂಬರ ಚುಚ್ಚುತ್ತಿದೆ, ಗಡಿಗೆಯಲ್ಲಿರುವುದು ಬೆಣ್ಣೆಯಲ್ಲ ಹತ್ತಿ ಎಂಬ ಮೋಸ ಬಾಯಿಗಿಟ್ಟ ಕೂಡಲೇ ಮಗುವಿಗೆ ತಿಳಿದುಹೋಗಿದೆ. ಗೆಲ್ಲುವ ಹಟ ಆ ಮುಖದಲ್ಲಿ ಎಲ್ಲೂ ಇಲ್ಲ. ಫೇಸ್‌ಬುಕ್ಕಿನಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ಏಳು ತಿಂಗಳ ಕೃಷ್ಣ ತನ್ನ ಫೋಟೊಕ್ಕೆ ತಾನೇ ಒಂದು ಲೈಕ್ ಕೊಟ್ಟುಕೊಳ್ಳಲೂ ಅರ್ಹನಲ್ಲ. ಇನ್ನು ಲೈಕಿನ ಎಣಿಕೆ ಅಳೆಯುವುದು ಮಗುವಿನ ಮುದ್ದನ್ನಲ್ಲ, ಅಪ್ಪನ ಫೋನಿನಲ್ಲಿರುವ ನಂಬರುಗಳನ್ನು. ವಿಮಾ ಏಜೆಂಟರ ಮಗು ಸದಾ ಮೇಷ್ಟರ ಮಗುವಿಗಿಂತ ಮುದ್ದಾಗಿ ಕಾಣುವುದು ಇದರಿಂದಲೇ. ಲೈಕ್ ಒತ್ತುವ ನಮ್ಮಂಥವರೇನೂ ಸಾಚಾ ಅಲ್ಲ. ನಾವು ಫೋಟೊ ಹಿಗ್ಗಿಸಿ ನೋಡುವುದು ಕೃಷ್ಣನನ್ನಲ್ಲ, ಅವನ ಹಿಂದಿರುವ ಹೊಸ ಸೋಫಾವನ್ನು.

‘ಇದೇನು ಹೊಸದೇ? ಹಿಂದೆ ಗಂಡುಮಗುವಿಗೂ ಲಂಗ ತೊಡಿಸಿ, ಮೊಗ್ಗಿನ ಜಡೆ ಹೆಣೆದು, ಜಡೆ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ ಸ್ಟುಡಿಯೊದಲ್ಲಿ ಫೋಟೊ ತೆಗೆಸುತ್ತಿರಲಿಲ್ಲವೇ?’ ಎಂದು ಆತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಮಗುವಿನ ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ. ಮೊಗ್ಗಿನ ಭಾರಕ್ಕೆ ಅದರ ಕತ್ತೂ ವಾಲಿರುತ್ತಿತ್ತು. ಆದರೆ ಆ ಚಿತ್ರ ನಡುಮನೆಯ ಗೋಡೆ ಏರಿ ಸುಮ್ಮನಾಗುತ್ತಿತ್ತು. ಬಂದ ನೆಂಟರು ‘ಇದು ನಮ್ಮ ಸೀನನಾ!’ ಎಂದು ನಕ್ಕು, ಕಾಫಿ ಕುಡಿದು ಹೋಗುತ್ತಿದ್ದರು. ಪಕ್ಕದ ಮನೆಯ ಜಡೆಗಿಂತ ನಮ್ಮ ಜಡೆಗೆ ಹನ್ನೆರಡು ಮೆಚ್ಚುಗೆ ಕಡಿಮೆ ಬಂತೆಂದು ಯಾವ ಅಪ್ಪನೂ ನಿದ್ದೆಗೆಟ್ಟದ್ದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಎಲ್ಲ ಫೋಟೊ ಸವಾಲುಗಳೂ ಬಡಾಯಿಯಲ್ಲ. 2015ರ ಜೂನ್‌ನಲ್ಲಿ ಹರಿಯಾಣದ ಬೀಬೀಪುರದ ಸರಪಂಚ ಸುನೀಲ್ ಜಗ್ಲಾನ್, ಮಗಳೊಂದಿಗೆ ಸೆಲ್ಫಿ ತೆಗೆದು ಕಳಿಸಿ ಎಂದು ಹೆತ್ತವರಿಗೆ ಕರೆ ಕೊಟ್ಟರು. 2011ರ ಜನಗಣತಿಯಂತೆ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 834 ಹೆಣ್ಣುಮಕ್ಕಳಷ್ಟೇ ಇದ್ದ ರಾಜ್ಯವದು. ಅಲ್ಲಿ ಮಗಳಿದ್ದಾಳೆ ಎಂದು ತೋರಿಸಿಕೊಳ್ಳುವುದಕ್ಕೇ ಒಂದು ಅರ್ಥವಿತ್ತು. ಒಪ್ಪಿದೆ. ಆದರೆ ಆ ಚಿತ್ರದೊಳಗೆ ಮಗಳ ಪಕ್ಕ ಅಪ್ಪನೂ ಮುಖ ಒಡ್ಡಿ ನಿಂತಿದ್ದ. ನಮ್ಮ ಕೃಷ್ಣನಪ್ಪ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಚೌಕಟ್ಟಿನಾಚೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಗಿಲಕಿ ಆಡಿಸುತ್ತಾನೆ. ಬೆಕ್ಕಿನ ಹಾಗೆ ಕೂಗುತ್ತಾನೆ. ಆಫೀಸಿನಲ್ಲಿ ಯಾರೂ ಕಂಡಿರದ ಮುಖಗಳನ್ನು ಮಾಡುತ್ತಾನೆ. ಇನ್ನೂ ನೆಟ್ಟಗೆ ಕೂರಲು ಬಾರದ ಕೃಷ್ಣನ ಬೆನ್ನ ಹಿಂದೆ ಅವನ ಇನ್ನೊಂದು ಕೈ ಇರುತ್ತದೆ. ಮಗು ವಾಲಿದರೆ ಹಿಡಿಯಲೆಂದು ಅಗಲಿಸಿಕೊಂಡು ಕಾದಿರುವ ಆ ಐದು ಬೆರಳಿಗೆ ಯಾರಾದರೂ ಕೇಳದೆಯೇ ಲೈಕ್ ಕೊಟ್ಟಾರು. ಸ್ಪರ್ಧೆಗೆ ಕಳಿಸುವ ಮುಂಚೆ ಫೋಟೊದಿಂದ ಅವನು ಮೊದಲು ಕತ್ತರಿಸಿ ತೆಗೆಯುವುದು ಅದನ್ನೇ.