ಅಲ್ಲಿ ಬಂದ ಪುಸ್ತಕ ಇಲ್ಲಿಗೆ ಯಾವಾಗ?

ಹಡಗಲ್ಲಿ ಹೋಗೋಕೆ ತಡ ಆಗುತ್ತೆ ಅಂದ್ರಲ್ಲ ಅಕ್ಕಾ, ಅದಲ್ಲ ಕಾರಣ. ಬೆಂಗಳೂರಿನ ಅಂಗಡಿಗೆ ಬಂದ ಪುಸ್ತಕ ಅಮೆರಿಕದಲ್ಲಿರೋ ನಿಮ್ಮ ಮಗಳಿಗೆ ತಿಂಗಳುಗಟ್ಟಲೆ ಸಿಗದೇ ಇರೋದಕ್ಕೆ ಹಕ್ಕಿನ ವ್ಯವಹಾರ ಕಾರಣ. ಒಂದು ಪುಸ್ತಕವನ್ನು ಅಚ್ಚು ಹಾಕಿ ಮಾರೋ ಹಕ್ಕನ್ನು ಅಣ್ಣತಮ್ಮಂದಿರ ಜಮೀನಿನ ಹಾಗೆ ಹಿಸ್ಸೆ ಮಾಡ್ತಾರೆ. ಬ್ರಿಟನ್ ಒಬ್ಬರಿಗೆ, ಅಮೆರಿಕ ಇನ್ನೊಬ್ಬರಿಗೆ, ಭಾರತ ಮತ್ತೊಬ್ಬರಿಗೆ. ತಮ್ಮ ಪಾಲಿನಲ್ಲಿ ಯಾವಾಗ ಬಿತ್ತಬೇಕು ಅನ್ನೋದು ಅವರವರ ಇಷ್ಟ.

ನಮ್ಮ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೋಡಿ. ಶ್ರೀನಾಥ್ ಪೇರೂರು ಮಾಡಿದ ಇಂಗ್ಲಿಷ್ ಅನುವಾದವನ್ನು ಇಲ್ಲಿ ಹಾರ್ಪರ್‌ಕಾಲಿನ್ಸ್ ತಂದಿತು. ಅದಾಗಿ ವರ್ಷ ದಾಟಿದ ಮೇಲೆ, 2017ರಲ್ಲಿ, ಅಮೆರಿಕದಲ್ಲಿ ಪೆಂಗ್ವಿನ್, ಬ್ರಿಟನ್ನಿನಲ್ಲಿ ಫೇಬರ್ ತಂದವು. ಅನುವಾದ ಆಗಲೇ ಸಿದ್ಧವಿತ್ತು. ಆದರೂ ಅಲ್ಲಿನ ಕನ್ನಡಿಗರು ಕಾಯಬೇಕಾಯ್ತು.

ಹ್ಯಾರಿ ಪಾಟರ್ ಕಥೆ ಇನ್ನೂ ಚೆನ್ನಾಗಿದೆ. ಮೊದಲನೇ ಪುಸ್ತಕ ಬ್ರಿಟನ್ನಿನಲ್ಲಿ ಬಂದದ್ದು 1997ರ ಜೂನ್ 26ಕ್ಕೆ. ಅಮೆರಿಕದ ಹಕ್ಕು ಹರಾಜಿಗೆ ಬಿದ್ದು, ಸ್ಕೊಲಾಸ್ಟಿಕ್‌ನವರು 1,05,000 ಡಾಲರ್ ಕೊಟ್ಟು ಕೊಂಡರು. ಹೊಸ ಹೆಸರು, ಹೊಸ ಮುಖಪುಟ, ತಿದ್ದಿದ ಕಾಗುಣಿತ ಎಲ್ಲ ಆಗಿ ಅಲ್ಲಿ ಪುಸ್ತಕ ಬರೋ ಹೊತ್ತಿಗೆ 1998ರ ಸೆಪ್ಟೆಂಬರ್. ಎರಡನೇದು ಬ್ರಿಟನ್ನಿನಲ್ಲಿ 1998ರ ಜುಲೈಗೇ ಬಂದುಬಿಟ್ಟಿತ್ತು. ಕಾಯೋಕಾಗದೆ ಅಮೆರಿಕದ ಓದುಗರು ಇಂಟರ್ನೆಟ್ಟಿನಲ್ಲಿ ಬ್ರಿಟನ್ನಿನ ಪ್ರತಿಗಳನ್ನೇ ತರಿಸಿಕೊಂಡರು. ಸ್ಕೊಲಾಸ್ಟಿಕ್ ತನ್ನ ತಾರೀಕನ್ನು ಹಿಂದಕ್ಕೆಳೆದು 1999ರ ಜೂನ್‌ಗೆ ತಂದಿತು. ಮೂರನೇದಕ್ಕೆ ಅಂತರ ಎರಡೇ ತಿಂಗಳು. (ಮಕ್ಕಳು ಸ್ಕೂಲು ತಪ್ಪಿಸಬಾರದು ಅಂತ ಬ್ರಿಟನ್ನಿನಲ್ಲಿ ಅದರ ಮಾರಾಟ ಶುರು ಮಾಡಿದ್ದು ಮಧ್ಯಾಹ್ನ 3:45ಕ್ಕೆ!) ನಾಲ್ಕನೇದು 2000ದ ಜುಲೈ 8ರಂದು ಎರಡೂ ಕಡೆ ಒಂದೇ ದಿನ. ಓದುಗರ ಆತುರ ಎಷ್ಟು ದೊಡ್ಡ ಶಕ್ತಿ ನೋಡಿ! ನನಗೆ ಈ ಕಥೆ ಹೇಳೋದಂದ್ರೇ ಖುಷಿ.

ಹಿಸ್ಸೆಯೇ ತಪ್ಪು ಅಂತ ನಾನು ಹೇಳೋಲ್ಲ ಅಕ್ಕಾ. ‘ಭಾರತ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ’ ಅಂತ ಹಿಂಬದಿಯಲ್ಲಿ ಅಚ್ಚಾಗಿರುತ್ತಲ್ಲ, ಅಂಥ ಅಗ್ಗದ ಪ್ರತಿಗಳಿಂದಲೇ ಎಷ್ಟೋ ವಿದ್ಯಾರ್ಥಿಗಳು ಇಲ್ಲಿ ಓದಿ ಮುಂದೆ ಬಂದಿದ್ದಾರೆ. ಎಲ್ಲ ಕಡೆ ಒಂದೇ ಬೆಲೆ ಆದರೆ ನಮ್ಮ ಮಕ್ಕಳ ಕೈಗೆ ಅವು ಎಟಕೋಲ್ಲ. ಆದರೆ ಹಕ್ಕು ಕೊಂಡುಕೊಂಡವರು ವರ್ಷಗಟ್ಟಲೆ ಸುಮ್ಮನೆ ಕೂತರೆ ಅದು ಓದುಗರಿಗೆ ಮಾಡೋ ಅನ್ಯಾಯವೇ. ಆಸ್ಟ್ರೇಲಿಯಾದವರು ಇದಕ್ಕೆ 1991ರಲ್ಲಿ ಕಾನೂನನ್ನೇ ತಿದ್ದಿದರು. ಹೊರದೇಶದಲ್ಲಿ ಮೊದಲು ಬಂದ ಪುಸ್ತಕವನ್ನು ಆಸ್ಟ್ರೇಲಿಯಾದ ಪ್ರಕಾಶಕರು ಮೂವತ್ತು ದಿನದೊಳಗೆ ತರದಿದ್ದರೆ, ಅಂಗಡಿಯವರು ನೇರವಾಗಿ ಹೊರಗಿನಿಂದಲೇ ತರಿಸಿ ಮಾರಬಹುದು. ನನ್ನ ಕೇಳಿದರೆ, ಅಷ್ಟು ಗಡುವು ಸಾಕು.