ಟಿಕೆಟ್ ನಂದು, ನೀವು ಸುಮ್ಕಿರಿ

ನಮ್ಮ ಕಡೆ ಬಸ್ಸಿನಲ್ಲಿ ಟಿಕೆಟ್ ತೆಗೆಯುವುದು ಅಂದರೆ ಕುಸ್ತಿ. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಹತ್ತಿ ಕೂತವರು ಊರು ದಾಟುವಷ್ಟರಲ್ಲಿ ಒಬ್ಬರ ಮಣಿಕಟ್ಟು ಇನ್ನೊಬ್ಬರ ಕೈಯಲ್ಲಿರುತ್ತದೆ. "ಬುಡಿ ಭಾವ, ನಾನ್ ಕೊಡ್ತೀನಿ", "ನನ್ನಾಣೆಗೂ ನೀನು ಜೇಬಿಗೆ ಕೈ ಹಾಕ್ಕೂಡದು". ನಡುವೆ ಕಂಡಕ್ಟರು ತಾಳ್ಮೆಯೇ ಮೂರ್ತಿವೆತ್ತ ರೆಫರಿ. ಗೆದ್ದವನು ಟಿಕೆಟ್ ತೆಗೆಯುತ್ತಾನೆ. ಸೋತವನು ಇಳಿದ ಕೂಡಲೇ ಟೀ, ವಡೆ ಕೊಡಿಸಿ ಮಾನ ಉಳಿಸಿಕೊಳ್ಳುತ್ತಾನೆ.

ನನ್ನ ಸೋದರಮಾವ ಪಿರಿಯಾಪಟ್ಟಣದವನು. ಹೊಗೆಸೊಪ್ಪಿನ ಹರಾಜು ನಡೆಯುವ ಕಾಲದಲ್ಲಿ ಅವನ ಜೇಬಿನ ನೋಟಿಗೂ ಸೊಪ್ಪು ಹದಮಾಡುವ ಬ್ಯಾರನ್ನಿನ ವಾಸನೆ. ಒಮ್ಮೆ ಅವನು, ಅಪ್ಪ, ನಾನು ಮೂವರೂ ಪಿರಿಯಾಪಟ್ಟಣಕ್ಕೆ ಹೊರಟಿದ್ದೆವು. ಅಪ್ಪ ಮುಂದೆ ನಿಂತು ಮೂರು ಟಿಕೆಟ್ ತೆಗೆದರು. ಮಾವ ಬಸ್ಸು ಹತ್ತುವ ಮೊದಲೇ ಕಂಡಕ್ಟರನನ್ನು ಟೀ ಅಂಗಡಿಯಲ್ಲಿ ಹಿಡಿದು ಮೂರು ತೆಗೆದಿದ್ದ. ಮೂರು ಜನಕ್ಕೆ ಆರು ಟಿಕೆಟ್! "ಇನ್ ಮೂವರನ್ನ ಎಲ್ಲಿಂದ ತರಣ ಸ್ವಾಮಿ?" ಅಂದ ಕಂಡಕ್ಟರು. ಅವರಿಬ್ಬರೂ ಪಿರಿಯಾಪಟ್ಟಣ ಬರುವವರೆಗೆ ಮಾತಾಡಲಿಲ್ಲ. ನಮ್ಮ ಸರ್ಕಾರಿ ಬಸ್ಸಿನ ಸಂಸಾರ ಶುರುವಾದದ್ದು 1948ರ ಸೆಪ್ಟೆಂಬರ್ 12ರಂದು, 120 ಬಸ್ಸುಗಳಿಂದ. ಈ ಜಗಳ ಶುರುವಾಗಲು 13ರವರೆಗೂ ಕಾದಿರಲಾರದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಅರ್ಧ ಅಖಾಡ ಖಾಲಿಯಾಯಿತು. ಹೆಂಗಸರಿಗೆ ಟಿಕೆಟ್ಟೇ ಸೊನ್ನೆ ರೂಪಾಯಿ ಆದ ಮೇಲೆ ಯಾರು ಯಾರಿಗೆ ತೆಗೆಸುವುದು? ಅವ್ವನಿಗೆ ಪುಕ್ಕಟೆ ಓಡಾಟ ಇಷ್ಟವೇ. ಮೈಸೂರಿಗೆ ಕರಿಬೇವು ತರಲೂ ಹೋಗಿ ಬಂದಿದ್ದಾಳೆ. ಆದರೂ ಒಂದು ಕೊರಗು. "ಮೊದ್ಲಾದ್ರೆ ಓರಗಿತ್ತಿಗೆ ಒಂದ್ ಟಿಕೆಟ್ ತಗ್ಸಿ ಮೂರ್ ವರ್ಷ ಹೇಳ್ಕಂಡು ತಿರುಗಬೋದಿತ್ತು. ಈಗ ಅವಳಿಗೂ ಸೊನ್ನೆ, ನಂಗೂ ಸೊನ್ನೆ."

ಈ ಕೊರಗನ್ನು ಹೊತ್ತುಕೊಂಡೇ ಅವ್ವ 2024ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಬಂದಳು. ನಾವಿರುವುದು ಲೆಸ್ಟರಿನಲ್ಲಿ. ಅಕ್ಕ, ಭಾವ ರೆಡಿಂಗಿನಲ್ಲಿ. ವಾರಾಂತ್ಯಕ್ಕೆ ಎಲ್ಲರೂ ಲಂಡನ್ನಿನಲ್ಲಿ ಸೇರಿ ಎರಡು ದಿನ ಸುತ್ತುವುದು ಅಂತ ಮಾತಾಯಿತು. ಭಾವ ಎಚ್.ಡಿ. ಕೋಟೆಯವರು. ಕಬಿನಿ, ನುಗು, ತಾರಕ, ಹೆಬ್ಬಳ್ಳ ಅಂತ ನಾಲ್ಕು ಜಲಾಶಯ ಇದ್ದ ತಾಲ್ಲೂಕು (ಸರಗೂರು ಬೇರೆಯಾಗುವ ಮೊದಲಿನ ಲೆಕ್ಕ ಇದು). ಭಾವನ ಕೈಯೂ ಹಾಗೇ, ಗೇಟು ಎತ್ತಿದರೆ ಇಳಿಸುವುದು ಕಷ್ಟ. ನನ್ನ ಹೆಂಡತಿ ಕೆ.ಆರ್. ನಗರದವಳು, ಭತ್ತ ಅಳೆದುಕೊಡುವ ಮನೆತನ. ಸೇರಿಗೆ ಸೇರು, ಪಾವಿಗೆ ಪಾವು. ಅವಳು ಹೊರಡುವ ಹಿಂದಿನ ರಾತ್ರಿ ಲಂಡನ್ನಿನ ದರಪಟ್ಟಿ ಓದಿ ಮುಗಿಸಿದ್ದಳು.

ಕಿಂಗ್ಸ್‌ಕ್ರಾಸ್‌ನಲ್ಲಿ ಎಲ್ಲರೂ ಕೂಡಿದೆವು. ನೆಲದಡಿ ರೈಲಿನ ಗೇಟಿನ ಮುಂದೆ ನಿಂತಾಗ ನನ್ನೊಳಗಿನ ಹುಣಸೂರು ಎದ್ದು ಕೂತಿತು. ಭಾವನೊಳಗಿನ ಎಚ್.ಡಿ. ಕೋಟೆ ನನಗಿಂತ ಮೊದಲೇ ಎದ್ದಿತ್ತು. ನಾನು ಕಾರ್ಡು ತೆಗೆಯುವಷ್ಟರಲ್ಲಿ ಅವರು "ಅತ್ತೆ, ನೀವು ನಡೀರಿ" ಅಂತ ತಮ್ಮ ಕಾರ್ಡನ್ನು ಹಳದಿ ಬಿಲ್ಲೆಗೆ ಮುಟ್ಟಿಸಿಯೇಬಿಟ್ಟರು. ಗೇಟು ತೆರೆಯಿತು. ಅವ್ವ ಕದಲಲಿಲ್ಲ. ಅಳಿಯನ ದುಡ್ಡಿನಲ್ಲಿ ಅತ್ತೆ ಗಾಡಿ ಹತ್ತುವುದುಂಟೆ? "ನೀವ್ಯಾಕೆ ಕೊಟ್ರಿ, ನನ್ ಮಗ ಇಲ್ವಾ?" ಅಂತ ಅವಳು ತಿರುಗಿ ಕೇಳುವಷ್ಟರಲ್ಲಿ ಗೇಟು ಮುಚ್ಚಿಕೊಂಡಿತು. ಭಾವ ಮತ್ತೆ ಮುಟ್ಟಿಸಿದರು. ಕೆಂಪು ದೀಪ. ಒಂದು ಕಾರ್ಡಿಗೆ ಒಂದೇ ತಲೆ, ಅದು ಅಲ್ಲಿನ ಕಟ್ಟಳೆ. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರನ್ನು ಜೊತೆಗೆ ದಾಟಿಸುವ ಹಾಗಿಲ್ಲ. ನಾನು ಫೋನು ಹಿಡಿದು "ಭಾವ, ನಿಮ್ಮದು ನಾನು" ಅಂತ ನುಗ್ಗಿದೆ. ಅವರು ನನ್ನ ಮಣಿಕಟ್ಟು ಹಿಡಿದರು. ಹಿಂದೆ ನಾಲ್ಕೈದು ಇಂಗ್ಲಿಷ್ ಜನ ಮೌನವಾಗಿ ಸಾಲು ನಿಂತರು. ಆ ಮೌನದ ಭಾರ ನಮ್ಮೂರಿನ ಯಾವ ಬೈಗುಳಕ್ಕೂ ಇಲ್ಲ.

ಸಿಬ್ಬಂದಿಯೊಬ್ಬರು ಬಂದು ಅಗಲದ ಗೇಟು ತೆರೆದು ನಮ್ಮನ್ನು ಬಿಡಿಸಿದರು. ನನ್ನ ಇಪ್ಪತ್ತು ವರ್ಷದ ವಿದೇಶವಾಸದಲ್ಲಿ ಅಂದೇ ನನಗೆ ಹೊಳೆದದ್ದು, ಈ ದೇಶದಲ್ಲಿ ಬೇರೆಯವರ ಟಿಕೆಟ್ ಕಿತ್ತುಕೊಂಡು ತೆಗೆಯುವುದಕ್ಕೆ ಯಂತ್ರದಲ್ಲಿ ಜಾಗವೇ ಇಟ್ಟಿಲ್ಲ ಅಂತ. ಮರ್ಯಾದೆ ತೋರಿಸಲು ಇರುವ ಬಟನ್ ಯಾವುದು ಅಂತ ಯಾರನ್ನು ಕೇಳುವುದು?

ಭಾವ ಸೋಲು ಒಪ್ಪುವವರಲ್ಲ. "ನೀರು ತರ್ತೀನಿ" ಅಂತ ಹೋದವರು ನಾಲ್ಕು ಆಯ್‌ಸ್ಟರ್ ಕಾರ್ಡು (ಲಂಡನ್ನಿನ ಬಸ್ಸು, ರೈಲಿಗೆ ಮೊದಲೇ ದುಡ್ಡು ತುಂಬಿಸಿಡುವ ಕಾರ್ಡು) ತಂದರು. ಅವ್ವನಿಗೊಂದು, ನನಗೊಂದು, ನನ್ನ ಹೆಂಡತಿಗೊಂದು, ಹನ್ನೆರಡು ವರ್ಷದ ಮಗನಿಗೊಂದು. ತಲಾ ಇಪ್ಪತ್ತು ಪೌಂಡು ತುಂಬಿಸಿದ್ದರು. ಇದು ಪಿರಿಯಾಪಟ್ಟಣದ ಮಾವನ ಟೀ ಅಂಗಡಿಯ ಪಟ್ಟೇ! ಕೈಗೆ ಬಂದದ್ದನ್ನು ಬೇಡ ಅನ್ನಲು ಬರುವುದಿಲ್ಲ. ನಾನು ಸೋತೆ, ಎಲ್ಲರಿಗೂ ಕಾಫಿ ಕೊಡಿಸಿದೆ. ಅಲ್ಲಿನ ಕಾಫಿಯ ಬೆಲೆ ನೋಡಿದರೆ ಟಿಕೆಟ್ ತೆಗೆದವನೇ ಜಾಣ.

ಹತ್ತು ವರ್ಷದ ಮಗಳಿಗೆ ಕಾರ್ಡು ಬೇಕಿರಲಿಲ್ಲ. ಹನ್ನೊಂದು ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಅಲ್ಲಿ ಪುಕ್ಕಟೆ. ಇದು ಗೊತ್ತಿಲ್ಲದ ಅವ್ವ ಬೆಳಗ್ಗೆಯೇ ಅವಳನ್ನು ಪಕ್ಕಕ್ಕೆ ಕರೆದು, ಯಾರಾದರೂ ಕೇಳಿದರೆ ಐದು ಅನ್ನು, ಸೊಂಟ ಸ್ವಲ್ಪ ಬಗ್ಗಿಸು ಅಂತ ತಾಲೀಮು ಕೊಟ್ಟಿದ್ದಳಂತೆ. ನಾನು ಅರ್ಧ ಟಿಕೆಟ್ಟಿನ ವಯಸ್ಸಿನಲ್ಲಿ ಬಹಳ ವರ್ಷ ಇದ್ದವನು. ಮೀಸೆ ಬಂದ ಮೇಲೆ ಬಿಟ್ಟೆ.

ಬಸ್ಸಿನಲ್ಲಿ ಅವ್ವನಿಗೆ ಬೇರೆಯೇ ಚಿಂತೆ. ಡ್ರೈವರ್ ಪಕ್ಕದ ಬಿಲ್ಲೆಗೆ ಕಾರ್ಡು ಮುಟ್ಟಿಸಿದಳು, ಕೈಯನ್ನು ಕಣ್ಣಿಗೊತ್ತಿಕೊಂಡಳು, ಆಮೇಲೆ ಅಲ್ಲೇ ಕೈ ಚಾಚಿ ನಿಂತಳು.

"ಏನವ್ವ?"

"ಚೀಟಿ?"

"ಚೀಟಿ ಇಲ್ಲ ಕಣವ್ವ."

"ಚೆಕಿಂಗ್‌ನೋರು ಬಂದ್ರೆ?"

ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. ಹುಣಸೂರಿನಲ್ಲಿ ಒಂದು ಪೈಸೆ ಕೊಡದಿದ್ದರೂ ಸೊನ್ನೆ ರೂಪಾಯಿ ಅಂತ ಅಚ್ಚು ಹಾಕಿದ ಚೀಟಿ ಕೈಗೆ ಬರುತ್ತದೆ. ಇಲ್ಲಿ ಆಗಿನ ದರ 1.75 ಪೌಂಡು, ಅವಳ ಲೆಕ್ಕದಲ್ಲಿ ಹತ್ತಿರ ಹತ್ತಿರ ಇನ್ನೂರು ರೂಪಾಯಿ, ಕಿತ್ತುಕೊಂಡು ಯಂತ್ರ 'ಟಿಣ್' ಅಂತಷ್ಟೇ ಹೇಳಿತು. ಅವಳು ಸೆರಗಿನ ಗಂಟಿನಿಂದ ಹತ್ತು ಪೌಂಡಿನ ನೋಟು ತೆಗೆದು ಡ್ರೈವರಿಗೆ ತೋರಿಸಿ, ಎಲ್ಲರದೂ ನಾನೇ ಕೊಡುತ್ತೇನೆ ಅಂತ ಸನ್ನೆ ಮಾಡಿದಳು. ಲಂಡನ್ ಬಸ್ಸುಗಳು ನಗದು ಮುಟ್ಟುವುದನ್ನು 2014ರ ಜುಲೈನಲ್ಲೇ ಬಿಟ್ಟಿವೆ. ಡ್ರೈವರು ನಕ್ಕು ತಲೆಯಾಡಿಸಿದ. ರಾಣಿಯ ಮುಖ ಇರುವ ನೋಟನ್ನು ರಾಣಿಯ ಊರಿನಲ್ಲೇ ಬೇಡ ಅಂದದ್ದು ಅವ್ವನಿಗೆ ಇಂದಿಗೂ ಬಗೆಹರಿದಿಲ್ಲ.

ಹೆಂಡತಿ ಓದಿಕೊಂಡು ಬಂದ ದರಪಟ್ಟಿ ಆಗ ಕೆಲಸಕ್ಕೆ ಇಳಿಯಿತು. ಮೊದಲ ಬಸ್ಸಿಗೆ ಕಾರ್ಡು ಮುಟ್ಟಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಹತ್ತಿದರೂ ಅದೇ 1.75. ಹಾಗಾಗಿ ಟ್ರಫಾಲ್ಗರ್ ಚೌಕದ ಸಿಂಹಗಳನ್ನು ನಾವು ಹನ್ನೊಂದು ನಿಮಿಷ ನೋಡಿದೆವು. "ನಡೀರಿ ನಡೀರಿ, ಇನ್ನು ಹದಿನಾಲ್ಕು ನಿಮಿಷ ಇದೆ" ಅಂತ ಅವಳು ಗಡಿಯಾರ ಹಿಡಿದು ಕುರಿ ಅಟ್ಟಿದ ಹಾಗೆ ಅಟ್ಟಿದಳು. ಸೇಂಟ್ ಪಾಲ್ ಚರ್ಚನ್ನು ಬಸ್ಸಿನ ಮಹಡಿಯಿಂದಲೇ ಕೈಮುಗಿದು ಮುಗಿಸಿದೆವು. ಗಂಟೆ ಮೀರಿ ಹತ್ತಿದರೂ ಮೂರು ಸಲಕ್ಕೆ 5.25, ಅಲ್ಲಿಗೆ ಆ ದಿನದ ಬಸ್ಸಿನ ಮಿತಿ ಮುಗಿಯಿತು, ಮುಂದಿನದೆಲ್ಲ ಪುಕ್ಕಟೆ. ಇದನ್ನು ಅವ್ವನಿಗೆ ತಿಳಿಸಿ ಹೇಳಿದ್ದೇ ತಪ್ಪಾಯಿತು.

"ಅಂದ್ರೆ ನಾಕನೇ ಬಸ್ಸಿಂದ ಶಕ್ತಿ ಯೋಜನೆ ಅನ್ನು."

ಸಂಜೆ ಕಾಲು ಸೋತು ಎಲ್ಲರೂ ಹೋಟೆಲಿಗೆ ಹೊರಟರೆ ಅವಳು ಸುತಾರಾಂ ಒಪ್ಪಲಿಲ್ಲ. ಪುಕ್ಕಟೆ ಶುರುವಾದ ಮೇಲೆ ಇಳಿಯುವುದೇ? ಎಲ್ಲಿಗೆ ಹೋಗುತ್ತದೆ ಅಂತ ಬೋರ್ಡು ಕೂಡ ಓದದೆ ಎರಡು ಬಸ್ಸು ಹತ್ತಿ ಇಳಿದೆವು. ಅವ್ವನ ಮುಖದಲ್ಲಿ ಅಂದು ಕಂಡ ತೃಪ್ತಿ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಂಡಿರಲಿಲ್ಲ. ಅರಮನೆ ಅಂದರೆ ಅವಳಿಗೆ ಮೈಸೂರಿನದು, ಅದು ಬಿಡಿ.

ಎರಡನೆಯ ದಿನ ಗ್ರೀನ್‌ವಿಚ್. ಅಲ್ಲಿಗೆ ಹೋಗುವ ಡಾಕ್‌ಲ್ಯಾಂಡ್ಸ್ ರೈಲಿನಲ್ಲಿ ಡ್ರೈವರೇ ಇಲ್ಲ. ಆದರೆ ಒಬ್ಬ ಸಿಬ್ಬಂದಿ ಬಾಗಿಲು ನೋಡಿಕೊಂಡು, ಕಾರ್ಡು ಪರೀಕ್ಷಿಸುತ್ತ ಓಡಾಡುತ್ತಾನೆ. ಬಸ್ಸಿನ ಕಥೆ ಉಲ್ಟಾ: ಕಂಡಕ್ಟರ್ ಇರುತ್ತಿದ್ದ ಲಂಡನ್ನಿನ ಹಳೆಯ ಬಸ್ಸುಗಳ ಮಾಮೂಲಿ ಓಡಾಟದ ಕೊನೆಯ ದಿನ 2005ರ ಡಿಸೆಂಬರ್ 9. ಅಲ್ಲಿಗೆ ಕಂಡಕ್ಟರನ ಕಾಲವೂ ಬಹುಮಟ್ಟಿಗೆ ಮುಗಿದಿತ್ತು. ಅವ್ವ ಎರಡನ್ನೂ ಜೋಡಿಸಿ ನೋಡಿದಳು. "ಬಸ್ಸಲ್ಲಿ ಡ್ರೈವರ್ ಅವ್ನೆ, ಕಂಡಕ್ಟರ್ ಇಲ್ಲ. ರೈಲಲ್ಲಿ ಕಂಡಕ್ಟರ್ ಅವ್ನೆ, ಡ್ರೈವರ್ ಇಲ್ಲ. ಇಬ್ರನ್ನೂ ಒಂದೇ ಗಾಡಿಗೆ ಹಾಕಕ್ಕೆ ಏನ್ ರೋಗ?"

ಆ ರೈಲಿನ ಬಹುತೇಕ ನಿಲ್ದಾಣಗಳಲ್ಲಿ ಗೇಟಿಲ್ಲ. ಗೋಡೆಯ ಪಕ್ಕ ಒಂದು ಬಿಲ್ಲೆ ಸುಮ್ಮನೆ ನಿಂತಿರುತ್ತದೆ, ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ನಾವಾಗಿಯೇ ನೆನಪಿಟ್ಟು ಮುಟ್ಟಿಸಬೇಕು. ಮರೆತರೆ ನೀವು ಎಲ್ಲಿ ಇಳಿದಿರಿ ಅಂತ ಯಂತ್ರಕ್ಕೆ ತಿಳಿಯದು, ಅತಿ ಹೆಚ್ಚಿನ ದರ ಹಿಡಿದುಕೊಳ್ಳುತ್ತದೆ. ಎಲ್ಲರಿಗೂ ಈ ಪಾಠ ಹೇಳುತ್ತ, ಮಗನ ಕೈ ಹಿಡಿದು ಮುಟ್ಟಿಸಿ, ಅವ್ವನದು ಮುಟ್ಟಿಸಿ, ಮೆಟ್ಟಿಲು ಹತ್ತಿ ಹೊರಗೆ ಬಂದವನು ನಾನು. ನನ್ನದೇ ಮರೆತಿದ್ದೆ. ಸಂಜೆ ಕಾರ್ಡಿನ ಬಾಕಿ ನೋಡಿದಾಗ ಗೊತ್ತಾಯಿತು. ಹೋದದ್ದು ಭಾವ ತುಂಬಿಸಿದ ದುಡ್ಡು.

"ಮನೆಗೆ ಬಂದೋನು ಹೋಗ್ಬತ್ತೀನಿ ಅಂತ ಹೇಳ್ದೆ ಎದ್ದೋದ್ರೆ ಏನಂತಾರ್ಲಾ?" ಅಂದಳು ಅವ್ವ. "ಅದೂ ಅಳಿಯಂದಿರ ದುಡ್ಡು!"

ಲೆಸ್ಟರಿಗೆ ಹೊರಡುವ ಮೊದಲು ಅವಳು ನನ್ನನ್ನು ಯಂತ್ರದ ಮುಂದೆ ನಿಲ್ಲಿಸಿ, ನನ್ನ ಕಾರ್ಡಿಗೆ ಮತ್ತೆ ಇಪ್ಪತ್ತು ತುಂಬಿಸಿ, ಅದರ ಮೇಲೆ ಇನ್ನೂ ಐದು ಹಾಕಿಸಿದಳು. ಐದು ಏಕೆ? ಮುಯ್ಯಿ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಅಷ್ಟಕ್ಕಷ್ಟೇ ತಿರುಗಿಸಿದರೆ ಲೆಕ್ಕ ಚುಕ್ತಾ, ನಂಟು ಕಡಿತ ಅಂತ ಅರ್ಥ. ಸ್ವಲ್ಪ ಮೇಲಿಡಬೇಕು. ಎಲೆ, ಅಡಿಕೆ, ಬಾಳೆಹಣ್ಣಿನ ಜೊತೆ ಕಾರ್ಡನ್ನಿಟ್ಟು ಅಕ್ಕನ ಕೈಗೆ ಕೊಟ್ಟಾಯಿತು.

ದೀಪಾವಳಿಗೆ ಅಕ್ಕ ಬಂದಾಗ ತಾಂಬೂಲದಲ್ಲಿ ಅದೇ ಕಾರ್ಡು ನಮ್ಮ ಮನೆಗೆ ಮರಳಿ ಬಂತು. ಈ ಸಲ ಅದರಲ್ಲಿ ಮೂವತ್ತೈದು. ಯುಗಾದಿಗೆ ನಲವತ್ತೈದು ಮಾಡಿ ರೆಡಿಂಗಿಗೆ ಕಳಿಸಿದೆವು. ಲೆಸ್ಟರಿನಲ್ಲಿ ಆಯ್‌ಸ್ಟರ್ ನಡೆಯುವುದಿಲ್ಲ, ರೆಡಿಂಗಿನಲ್ಲೂ ಇಲ್ಲ. ಲಂಡನ್ನಿನ ಆ ಎರಡು ದಿನದ ಮೇಲೆ ಆ ಕಾರ್ಡು ಹಿಡಿದು ಎರಡೂ ಮನೆಯವರು ಒಂದು ಬಸ್ಸೂ ಹತ್ತಿಲ್ಲ. ದುಡ್ಡು ತುಂಬಿಸಲು ಲಂಡನ್ನಿಗೆ ಹೋಗುವವರನ್ನು ಹುಡುಕಬೇಕು. ಮಾದಪ್ಪನ ಬೆಟ್ಟಕ್ಕೆ ಹೋಗುವವರ ಕೈಯಲ್ಲಿ ಮುಡುಪು ಕಳಿಸಿದ ಹಾಗೆ ಕಾರ್ಡೂ ನೋಟೂ ಒಟ್ಟಿಗೆ ಮಡಚಿ ಕೊಡುತ್ತೇವೆ. ಹೆಂಡತಿ ಮುಯ್ಯಿ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಹಾಳೆ ಬಿಟ್ಟಿದ್ದಾಳೆ.

ಈಗ ಅದು ಮತ್ತೆ ನಮ್ಮ ದೇವರ ಗೂಡಿನಲ್ಲಿದೆ, ಎಂಬತ್ತೈದು ತುಂಬಿಸಿಕೊಂಡು. ಮುಂದಿನ ತಿಂಗಳು ಅಕ್ಕನ ಹೊಸ ಮನೆಯ ಗೃಹಪ್ರವೇಶ, ಹತ್ತಾದರೂ ಮೇಲಿಡಬೇಕು. ಆದರೆ ಆ ಕಾರ್ಡಿನ ಹೊಟ್ಟೆ 90 ಪೌಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಭಾನುವಾರ ಹುಣಸೂರಿಗೆ ಫೋನು ಮಾಡಿ ಅವ್ವನಿಗೆ ಹೇಳಿದೆ. ಅವಳು ಕ್ಷಣವೂ ಯೋಚಿಸಲಿಲ್ಲ.

"ಅದ್ಕೇನಂತೆ, ಇನ್ನೊಂದ್ ಕಾರ್ಡ್ ತಗಳ್ಲಾ. ಜೋಡಿ ಕೊಡೋದೇ ಲಕ್ಷಣ."